ಮಾನಿಟರಿನ ಅಂಚಿಗೆ ನಾಲ್ಕು ಬೊಟ್ಟು

ಇಪ್ಪತ್ತಾರು ವರ್ಷ ಜನರ ಮನೆಯ ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿದವನು ನಾನು. ಮೊನ್ನೆ ನನ್ನ ಫೋನು ತನ್ನಷ್ಟಕ್ಕೆ ತಾನೇ ಏನನ್ನೋ ಹೊಸದು ಹಾಕಿಕೊಂಡಿತು. ಬೆಳಿಗ್ಗೆ ಎದ್ದು ನೋಡಿದರೆ ಅಲಾರಂ ನಿಲ್ಲಿಸುವ ಗುಂಡಿ ಇದ್ದ ಜಾಗದಲ್ಲಿ ಇಲ್ಲ. ಅದು ಬಡಕೊಳ್ಳುತ್ತಲೇ ಇದೆ, ನಾನು ಒತ್ತುತ್ತಲೇ ಇದ್ದೇನೆ. ಕೊನೆಗೆ ದಿಂಬಿನ ಕೆಳಗೆ ತುರುಕಿ, ಮೇಲೆ ಕೂತೆ. ಹೆಂಡತಿ ಬಾಗಿಲಲ್ಲಿ ನಿಂತು, "ಊರಿಗೆಲ್ಲಾ ರಿಪೇರಿ ಮಾಡಿದ ಮನಷ್ಯಾ ನೋಡ್ರಿ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಈಗ ಈ ಕೆಲಸಕ್ಕೆ ಹೊಸದಾಗಿ ಕೈ ಹಾಕಿದವರು ಆಗಾಗ ನನ್ನ ಹತ್ತಿರ ಬಂದು, "ಸರ್, ನಿಮ್ ಅನುಭವದಾಗ ಏನರ ನಾಲ್ಕು ಮಾತು ಹೇಳ್ರಿ," ಎನ್ನುತ್ತಾರೆ. ಹೇಳೋಣ ಅಂತ ಬಾಯಿ ತೆರೆಯುತ್ತೇನೆ. ಒಂದು ಮಾತು ಹೊರಗೆ ಬರುವಷ್ಟರಲ್ಲಿ ಅದಕ್ಕೆ ಪೂರಾ ಉಲ್ಟಾ ಆದ ಇನ್ನೊಂದು ನೆನಪಾಗಿ ಸುಮ್ಮನಾಗುತ್ತೇನೆ. ಹಳೆಯ ಪೆಟ್ಟಿಗೆಗೇ, ಅಂದರೆ ಸಿಪಿಯುಗೇ, ಸಾಮಾನು ಬದಲಿಸಿ ಓಡಿಸಬೇಕೋ, ಹೊಸದೇ ತರಿಸಬೇಕೋ? ಚೆನ್ನಾಗಿ ನಡೆಯುತ್ತಿರುವ ಹಳೆಯ ಸಾಫ್ಟ್‌ವೇರನ್ನು ಹಾಗೇ ಬಿಡಬೇಕೋ, ವೈರಸ್ಸಿನ ಭಯಕ್ಕೆ ಹೊಸದು ಹಾಕಬೇಕೋ? ಇದಕ್ಕೆಲ್ಲ ಖಡಕ್ಕಾಗಿ ಉತ್ತರ ಕೊಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಗೊಂದಲದಲ್ಲೇ ಈ ಕೆಲಸಕ್ಕೆ ಬಂದೆ, ಗೊಂದಲದಲ್ಲೇ ಅಂಗಡಿಯ ಬಾಗಿಲು ಎಳೆದೆ. ಆದ್ದರಿಂದ ಇಲ್ಲಿ ಬುದ್ಧಿವಾದ ಹುಡುಕಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೆಲಸ ಕಲಿತದ್ದು ಬಳ್ಳಾರಿಯಲ್ಲಿ, ಬ್ರೂಸ್‌ಪೇಟೆಯ ಒಂದು ಗಲ್ಲಿಯಲ್ಲಿ, ಶರಣಪ್ಪ ಸಾಹುಕಾರರ ಅಂಗಡಿಯಲ್ಲಿ. ಮಿಕ್ಸಿ, ಟೇಪ್‌ರೆಕಾರ್ಡರ್ ಮಾರುತ್ತಿದ್ದವರು ಕಂಪ್ಯೂಟರಿಗೆ ಇಳಿದಿದ್ದರು. ಅವರಿಗೆ ಅದರ ಒಳಗಿನದು ಒಂದೂ ಗೊತ್ತಿರಲಿಲ್ಲ. ಆದರೆ ಗಿರಾಕಿಯ ಒಳಗಿನದು ಪೂರ್ತಿ ಗೊತ್ತಿತ್ತು. ನಾನು ಸೇರಿದ ದಿನವೇ ಹತ್ತಿರ ಕೂರಿಸಿಕೊಂಡು ಹೇಳಿದ್ದರು: "ಲೇ ಮಲ್ಲಿ, ಗಿರಾಕಿಗೆ ಎರಡು ದಾರಿ ತೋರಸಬ್ಯಾಡ. ಒಂದೇ ತೋರಸು. ಎರಡು ತೋರಿಸಿದ್ರ ಮನಿಗೆ ಹೋಗಿ ವಿಚಾರ ಮಾಡ್ತೀನಿ ಅಂತಾನ. ಹಂಗಂದು ಹೋದಾಂವ ಮತ್ತ ಬರಂಗಿಲ್ಲ."

ನನ್ನ ಸ್ವಭಾವ ನೋಡಿ, ಎರಡಲ್ಲ ನಾಲ್ಕು ತೋರಿಸುವವನು. ಕಂಟೋನ್ಮೆಂಟಿನಿಂದ ಒಬ್ಬ ನಿವೃತ್ತ ಅಧಿಕಾರಿ ಬಂದಿದ್ದರು. ಮನೆಗೆ ಒಂದು ಕಂಪ್ಯೂಟರ್ ಬೇಕು, ಯಾವುದು ಒಳ್ಳೆಯದು ಅಂತ ಕೇಳಿದರು. ನಾನು ಹಾಳೆ ತಗೊಂಡು ಗೆರೆ ಎಳೆದೆ. ಇದು ತಗೊಂಡರೆ ವೇಗ ಜಾಸ್ತಿ, ಆದರೆ ಬೇಗ ಕಾಯುತ್ತದೆ. ಅದು ನಿಧಾನ, ಆದರೆ ಬಾಳಿಕೆ. ಇದಕ್ಕೆ ಮುಂದೆ ಸಾಮಾನು ಸೇರಿಸಬಹುದು, ಅದಕ್ಕೆ ಆಗುವುದಿಲ್ಲ. ಅವರು ಅರ್ಧ ಗಂಟೆ ಕೇಳಿ, ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು. ವಾರದ ನಂತರ ಗೊತ್ತಾಯಿತು, ತಲೆಕೆಟ್ಟು ದೊಡ್ಡದೊಂದು ಟಿವಿ ತಗೊಂಡು ಹೋಗಿದ್ದಾರೆ ಅಂತ. ಸಾಹುಕಾರರು ಹಣೆ ಹಣೆ ಬಡಕೊಂಡರು. "ಕಂಪ್ಯೂಟರ್ ಕೇಳಾಕ ಬಂದಾಂವಗ ಟಿವಿ ಮಾರಿಸಿದ್ಯಲ್ಲೋ! ಅದೂ ಮುಂದಿನ ಅಂಗಡ್ಯಾಗ!"

ಅವರ ಅಂಗಡಿ ಬಿಟ್ಟು ಅದೇ ಪೇಟೆಯಲ್ಲಿ ನನ್ನದೊಂದು ಚಿಕ್ಕ ಅಂಗಡಿ ಹಾಕಿದ ಮೇಲೆ ನಾನೇ ಒಂದು ದೊಡ್ಡ ಐಡಿಯಾ ಮಾಡಿದೆ. ನಮ್ಮೂರಿನ ಕೆಂಪು ಧೂಳು ನಿಮಗೆ ಗೊತ್ತೇ ಇದೆ. ಪೆಟ್ಟಿಗೆ ಬಿಚ್ಚಿದರೆ ಫ್ಯಾನಿನ ಸುತ್ತ ಕುಂಕುಮ ಹಚ್ಚಿದ ಹಾಗೆ ಕೂತಿರುತ್ತಿತ್ತು. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ತುಂಡು ಬಟ್ಟೆ ರಾಶಿ ಬಿದ್ದಿರುತ್ತದೆ. ಅದನ್ನು ತಂದು, ಅಲ್ಲೇ ಹೊಲಿಸಿ, ಕಂಪ್ಯೂಟರ್ ಪೆಟ್ಟಿಗೆಗೆ ಜೀನ್ಸಿನ ಗವಸು ಮಾಡಿಸಿದೆ. ಮುಂದೆ ಒಂದು ಕಿಸೆ, ಹಿಂದೆ ವೈರಿಗೆ ತೂತು. ಕಂಪ್ಯೂಟರ್ ತಗೊಂಡವರಿಗೆಲ್ಲ ಪುಕ್ಕಟೆ ಕೊಟ್ಟೆ. ಜನ ಮೆಚ್ಚಿದರು ಅಂದರೆ ಎಷ್ಟು ಮೆಚ್ಚಿದರು! ಎಷ್ಟೆಂದರೆ ಪೆಟ್ಟಿಗೆ ಓಡುವಾಗಲೂ ಗವಸು ತೆಗೆಯಲಿಲ್ಲ. ಬೇಸಿಗೆ ಬಂತು. ಬಳ್ಳಾರಿಯ ಬೇಸಿಗೆ, ಮೇಲೆ ದಪ್ಪ ಜೀನ್ಸು. ಪೆಟ್ಟಿಗೆಗಳು ಒಂದೊಂದಾಗಿ ಕಣ್ಣು ಮುಚ್ಚಿದವು.

ಮನೆ ಮನೆಗೆ ಹೋಗಿ ಬೇಡಿಕೊಂಡೆ, ಓಡುವಾಗ ಗವಸು ತೆಗೆಯಿರಿ ಅಂತ. ಒಂದು ಮನೆಯ ಯಜಮಾನಿ ಮುಖ ಸಿಂಡರಿಸಿ, "ಕುಬಸ ಬಿಚ್ಚಿ ಕುಂದ್ರಿಸಿದಂಗ ಕಾಣ್ತೈತ್ರಿ. ಮಂದಿ ಬಂದಾಗ ಚಂದ ಇರಂಗಿಲ್ಲ," ಎಂದರು. ಏನು ಹೇಳಲಿ? ಗವಸು ಹಾಕಿದರೆ ಕಾವು, ತೆಗೆದರೆ ಧೂಳು. ಕೊನೆಗೆ ಎಲ್ಲ ಗವಸುಗಳ ಹಿಂದಿನ ಭಾಗ ಕತ್ತರಿಸಿ ಗಾಳಿಯಾಡುವ ಜಾಳು ಬಟ್ಟೆ ಹೊಲಿಸಿ ಕೊಟ್ಟೆ. ಆಮೇಲೆ ಗವಸು ವರ್ಷಾನುಗಟ್ಟಲೆ ಹಾಗೇ ಉಳಿಯಿತು. ಒಳಗೆ ಯಾವ ಪೆಟ್ಟಿಗೆ ಇದೆ ಅಂತ ಮನೆಯವರೂ ನೋಡುತ್ತಿರಲಿಲ್ಲ.

ಕುರುಗೋಡಿನಲ್ಲಿ ಗವಿಸಿದ್ದಪ್ಪ ಮೇಷ್ಟ್ರು ಅಂತ ಒಬ್ಬರಿದ್ದರು. ಅವರ ಕಂಪ್ಯೂಟರ್ ನಿಧಾನ. ಆ ಕಾಲದಲ್ಲಿ ನಿಧಾನ ಅಂದವರಿಗೆಲ್ಲ ನಾನು ಕೊಡುತ್ತಿದ್ದ ಔಷಧಿ ಒಂದೇ: ರ‍್ಯಾಮ್ ಹೆಚ್ಚಿಸಿ. ಅವರಿಗೆ ಒಮ್ಮೆ ಹಾಕಿದೆ, ಸಾಲಲಿಲ್ಲ. ಇನ್ನೊಮ್ಮೆ ಹಾಕಿದೆ, ಮತ್ತೆ ಸಾಲಲಿಲ್ಲ. ಮೂರನೇ ಸಲ ಫೋನ್ ಬಂದಾಗ ನಾಚಿಕೆಯಾಗಿ ಹಳೆಯ ಹಾರ್ಡ್ ಡಿಸ್ಕ್ ತೆಗೆದು, ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಹೊಸ ಬಗೆಯ ಚುರುಕು ಡಿಸ್ಕ್, ಎಸ್‌ಎಸ್‌ಡಿ ಹಾಕಿದೆ. ಮೇಷ್ಟ್ರು ಗುಂಡಿ ಒತ್ತಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಪರದೆ ತೆರೆದಿತ್ತು. ಅವರು ಪರದೆ ನೋಡಿದರು, ನನ್ನನ್ನು ನೋಡಿದರು.

"ಇದು ಮೊದ್ಲ ಗೊತ್ತಿದ್ದಿಲ್ಲೇನ್ರಿ?"

"ಅವಾಗ ಇದು ಭಾಳ ತುಟ್ಟಿ ಇತ್ರಿ ಮೇಷ್ಟ್ರ," ಎಂದೆ. ಅರ್ಧ ಸತ್ಯ. ಇನ್ನರ್ಧ ಏನೆಂದರೆ ನನಗೇ ಗೊತ್ತಿರಲಿಲ್ಲ. ಹತ್ತು ವರ್ಷ ಎಷ್ಟು ಮನೆಗೆ ರ‍್ಯಾಮ್ ರ‍್ಯಾಮ್ ಅಂತ ಹೇಳಿ ಬಂದೆನೋ ನೆನೆದು ಬಸ್ಸಿನಲ್ಲಿ ಕಿವಿ ಬಿಸಿಯಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಡಿಸ್ಕು ಚುರುಕು, ಆದರೆ ಚಿಕ್ಕದು. ಮೇಷ್ಟ್ರ ಫೋಟೋಗಳೆಲ್ಲ ಅದರಲ್ಲಿ ಹಿಡಿಯಲಿಲ್ಲ. ಸರಿ, ಹಳೆಯದನ್ನೂ ಪಕ್ಕದಲ್ಲೇ ಕೂರಿಸಿ ಎರಡನ್ನೂ ಓಡಿಸಿದೆ. ಮತ್ತೊಂದು ವಾರಕ್ಕೆ ಫೋನು: "ಮಲ್ಲಣ್ಣ, ಮೊದ್ಲ ನಿಧಾನ ಇತ್ತು, ಆದ್ರ ಯಾವ್ದು ಎಲ್ಲೈತಿ ಗೊತ್ತಿತ್ತು. ಈಗ ಭರ್ರಂತ ಓಡ್ತೈತಿ, ಒಂದೂ ಸಿಗವಲ್ದು." ಆ ಮಾತನ್ನು ನಾನು ಆಗ ತಮಾಷೆ ಅಂತ ತಗೊಂಡೆ. ಈಗ ಹಾಗೆ ತಗೊಳ್ಳುವ ಧೈರ್ಯ ಇಲ್ಲ.

ಸಿರುಗುಪ್ಪದ ನೀಲಮ್ಮನವರ ವಿಷಯಕ್ಕೆ ಬರುತ್ತೇನೆ. ಇಷ್ಟು ಬರೆಯಲು ಕೂತದ್ದೇ ಅದಕ್ಕಾಗಿ. ಸುತ್ತಿ ಬಳಸಿ ಬರುತ್ತಿದ್ದೇನೆ, ನನಗೇ ಗೊತ್ತು.

ನೀಲಮ್ಮನವರಿಗೆ ಆಗ ಅರವತ್ತರ ಹತ್ತಿರ. ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುತ್ತಿದ್ದರು. ಶೇಂಗಾ, ಗುರೆಳ್ಳು, ಅಗಸಿ, ಕರಿಬೇವು, ಈ ನಾಲ್ಕೇ. ಊರಿನ ಅಂಗಡಿಗಳಿಗೂ ಬಳ್ಳಾರಿಯ ಒಂದು ದೊಡ್ಡ ಅಂಗಡಿಗೂ ಪ್ಯಾಕೆಟ್ ಹೋಗುತ್ತಿತ್ತು. ಮಗ ವೀರೇಶ ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್. ಸೊಸೆ ಸುಜಾತಾ ಶಾಲೆಯಲ್ಲಿ ಟೀಚರ್. ಗಂಡ ಇದ್ದರು, ಕಿವಿ ಮಂದ, ಕಟ್ಟೆಯ ಮೇಲೆ ಕೂತಿರುವವರು. ನಾನೇ ಮಾರಿದ ಕಂಪ್ಯೂಟರ್ ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿತ್ತು, ಜೀನ್ಸಿನ ಗವಸಿನ ಸಮೇತ. ಪ್ಯಾಕೆಟ್ಟಿನ ಮೇಲೆ ಅಂಟಿಸುವ ಲೇಬಲ್ಲನ್ನು ನೀಲಮ್ಮನವರು ಅದರಿಂದ ತಾವೇ ಪ್ರಿಂಟ್ ತೆಗೆಯುತ್ತಿದ್ದರು.

ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಂದಕ್ಷರ ಬಾರದು. ಲೇಬಲ್ಲಿನ ಮೇಲೆ ಚಿತ್ರವೂ ಇರಲಿಲ್ಲ, ಬರೀ ಅಕ್ಷರ. ಆದರೂ ಒಂದು ದಿನ ತಪ್ಪಿದ್ದಿಲ್ಲ. ಹೇಗೆ ಅಂತ ಯಾರೂ ಕೇಳಿರಲಿಲ್ಲ. "ಅವ್ವ ಹೆಂಗೋ ಗುರ್ತ ಹಿಡೀತಾಳ್ರಿ," ಎನ್ನುತ್ತಿದ್ದ ವೀರೇಶ, ಹೆಮ್ಮೆಯಿಂದ. ನಾನೂ ಹೌದೌದು ಎನ್ನುತ್ತಿದ್ದೆ.

ಒಂದು ದಿನ ವೀರೇಶನ ಫೋನ್ ಬಂತು. "ಮಲ್ಲಣ್ಣಾರ, ಕಂಪ್ಯೂಟರ್ ಚಾಲೂ ಆಗೂದ್ರಾಗ ಅನ್ನ ಬೆಂದು ಇಳದಿರ್ತೈತ್ರಿ. ಸುಜಾತಾಗೂ ಸಾಲಿ ಕೆಲಸಕ್ಕ ಬೇಕಾಗೇತಿ. ಅವ್ವ ತವರಿಗೆ ಮದುವಿಗೆ ಹೋಗ್ಯಾಳ, ಮೂರು ದಿನ ಬರಂಗಿಲ್ಲ. ಅಷ್ಟ್ರಾಗ ಏನರ ಮಾಡ್ರಿ."

ಹೋಗಿ ನೋಡಿದೆ. ಅವತ್ತು ಸಾಹುಕಾರರ ಮಾತು ಮರೆತು ಅವನಿಗೂ ಎರಡು ದಾರಿ ತೋರಿಸಿದೆ. ಹಳೆಯ ಪೆಟ್ಟಿಗೆಗೇ ಹೊಸ ಡಿಸ್ಕ್ ಹಾಕಿದರೆ ಚುರುಕಾಗುತ್ತದೆ, ನೀಲಮ್ಮನವರಿಗೆ ಎಲ್ಲವೂ ಮೊದಲಿನ ಹಾಗೇ ಇರುತ್ತದೆ. ಆದರೆ ಸುಜಾತಾ ಅವರ ಶಾಲೆಯ ಪ್ರೋಗ್ರಾಮ್ ಆ ಹಳೆಯ ಓಎಸ್ ಮೇಲೆ ಕೂರುವುದಿಲ್ಲ. ಓಎಸ್ ಅಂದರೆ ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ಮೂಲ ಸಾಫ್ಟ್‌ವೇರು. ಹೊಸ ಓಎಸ್ ಬೇಕೆಂದರೆ ಹೊಸ ಪೆಟ್ಟಿಗೆಯೇ ಬೇಕು. ಮಾನಿಟರ್, ಕೀಬೋರ್ಡ್, ಪ್ರಿಂಟರ್ ಹಳೆಯದೇ ಸಾಕು.

ವೀರೇಶ ತಕ್ಷಣ ಹೊಸದಕ್ಕೇ ಹೂಂ ಎಂದ. "ಆದ್ರ ಅವ್ವಗ ಗೊತ್ತಾಗಬಾರದು ನೋಡ್ರಿ. ಹೊಸಾದು ಅಂದ್ರ ಹೆದರಿ ಮುಟ್ಟಂಗಿಲ್ಲ. ಹಳೇದರಂಗ ಕಾಣಬೇಕು."

ನನ್ನ ಕೈಚಳಕ ತೋರಿಸಲು ಇದಕ್ಕಿಂತ ಇನ್ನೇನು ಬೇಕು? ಪರದೆಯ ಮೇಲೆ ಅವರ ಮನೆಯ ಜೋಡೆತ್ತಿನ ಫೋಟೋ ಇತ್ತು, ಅದನ್ನೇ ಹೊಸದರಲ್ಲೂ ಹಾಕಿದೆ. ನಾಲ್ಕು ಲೇಬಲ್ಲಿನ ಫೈಲುಗಳನ್ನು ಎಡಬದಿಗೆ ಒಂದರ ಕೆಳಗೊಂದು ಅದೇ ಅನುಕ್ರಮದಲ್ಲಿ ಇಟ್ಟೆ. ಹೊಸ ಪೆಟ್ಟಿಗೆಗೆ ಹಳೆಯ ಗವಸು ತೊಡಿಸಿದೆ. ಮಾನಿಟರಿನ ಎಡ ಅಂಚಿನಲ್ಲಿ ನಾಲ್ಕು ಸ್ಟಿಕ್ಕರ್ ಬೊಟ್ಟು ಇದ್ದವು, ಕೀಬೋರ್ಡಿನ ಮೇಲೂ ಮೂರು. ಹೆಣ್ಣುಮಕ್ಕಳು ಮುಖ ತೊಳೆಯುವಾಗ ಹಣೆಯ ಬೊಟ್ಟು ತೆಗೆದು ಕನ್ನಡಿಗೋ ಗೋಡೆಗೋ ಅಂಟಿಸುತ್ತಾರಲ್ಲ, ಆ ಮನೆಯಲ್ಲಿ ಫ್ರಿಜ್ಜಿನ ಮೇಲೂ ಇದ್ದವು. ಮುತ್ತೈದೆಯ ಬೊಟ್ಟನ್ನು ಕಿತ್ತು ಎಸೆಯಬಾರದು ಅಂತ ನಮ್ಮ ತಾಯಿ ಹೇಳುತ್ತಿದ್ದಳು. ಹಾಗಾಗಿ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಬೊಟ್ಟಿನ ಸುತ್ತಮುತ್ತಲ ಧೂಳನ್ನಷ್ಟೇ ಒರೆಸಿ, ಒಂದೂ ಅಲುಗದಂತೆ ಬಿಟ್ಟೆ. ಇಷ್ಟು ಸೂಕ್ಷ್ಮವಾಗಿ ಯಾರು ಕೆಲಸ ಮಾಡುತ್ತಾರೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡು ಬಸ್ಸು ಹತ್ತಿದೆ.

ನಾಲ್ಕು ತಿಂಗಳ ಮೇಲೆ ಮತ್ತೆ ವೀರೇಶನ ಫೋನ್. ದನಿ ಬೇರೆಯಾಗಿತ್ತು.

"ಕಂಪ್ಯೂಟರ್ ಸುಜಾತಾನ ಖೋಲಿಗೆ ಹಾಕಿ ಕೊಡ್ರಿ. ಅವ್ವಗ ಇನ್ನ ಬ್ಯಾಡ."

"ಯಾಕೋ ತಮ್ಮಾ, ಧಂದೆ ಬಿಟ್ರೇನು?"

"ತಲಿ ಸರಿ ಇಲ್ರಿ ಅವ್ವಗ. ಮರವು. ಗುರೆಳ್ಳಿಗೆ ಶೇಂಗಾದ ಲೇಬಲ್ ಹಚ್ಚಿ ಕಳಿಸ್ಯಾಳ, ಅಗಸಿಗೆ ಗುರೆಳ್ಳಿಂದು. ಬಳ್ಳಾರಿ ಅಂಗಡಿಯಿಂದ ಒಂದು ಪೂರಾ ಬಾಕ್ಸ್ ವಾಪಸ್ ಬಂತ್ರಿ. ಮೊದ್ಲ ನಾವೂ ನಕ್ವಿ. ಈಗ ಒಲಿ ಹಚ್ಚಾಕೂ ಹೆದರ್ತಾಳ, ಗ್ಯಾಸ್ ಬಂದ್ ಮಾಡೂದು ಮರತೀನಿ ಅಂತ. ಸೋಮವಾರ ಬಳ್ಳಾರಿಗೆ ತಲಿ ಡಾಕ್ಟರ ಹತ್ರ ಕರಕೊಂಡು ಹೊಂಟೀನಿ."

ನಂಬುತ್ತೀರೋ ಇಲ್ಲವೋ, ಆಗಲೂ ನನಗೆ ಹೊಳೆಯಲಿಲ್ಲ. ಪಾಪ, ಎಷ್ಟು ಚುರುಕಿನ ಹೆಂಗಸು, ಅಂದುಕೊಂಡು ಟೂಲ್ ಬ್ಯಾಗು ಹೆಗಲಿಗೆ ಹಾಕಿದೆ.

ಮನೆಯ ಒಳಗೆ ಹುರಿದ ಶೇಂಗಾದ ವಾಸನೆ ಇರಲಿಲ್ಲ. ಆ ಮನೆಗೆ ಹೋದಾಗೆಲ್ಲ ಬಾಗಿಲಲ್ಲೇ ಮೂಗಿಗೆ ಬಡಿಯುತ್ತಿದ್ದದ್ದು ಅದೇ. ನೀಲಮ್ಮನವರು ಗೋಡೆಗೆ ಒರಗಿ, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಾರೆ ಅನ್ನಿಸಿತು. ನನ್ನನ್ನು ನೋಡಿ ಎದ್ದು ನೀರು ತಂದುಕೊಟ್ಟರು. ಮಗ, ಸೊಸೆ ಒಳಗೆ ಸುಜಾತಾ ಅವರ ಕೋಣೆಯಲ್ಲಿ ಟೇಬಲ್ ಸರಿಸುತ್ತಿದ್ದರು.

"ಒಯ್ಯಾಕ ಬಂದ್ರೇನ್ರಿ ಮಲ್ಲಣ್ಣ?"

"ಹೌದ್ರಿ ಅಮ್ಮಾರ. ಆರಾಮ ಅದೀರೇನು?"

ಅವರು ಮಾನಿಟರಿನ ಕಡೆ ನೋಡಿದರು. ದನಿ ತಗ್ಗಿಸಿ, "ನೀವು ಇಂಥಾ ಡಬ್ಬಿ ಎಲ್ಲಾ ರಿಪೇರಿ ಮಾಡ್ತೀರಿ. ತಲಿ ಕೆಟ್ರ ಮಾಡಾಕ ಬರ್ತೈತೇನ್ರಿ? ಡಾಕ್ಟರ್ ಏನಂತಾರ?" ಎಂದರು.

ಏನಾದರೂ ಮಾತಾಡಬೇಕಲ್ಲ ಅಂತ, "ಒಮ್ಮೆ ನನ್ನ ಮುಂದ ಮಾಡಿ ತೋರಸ್ರಿ, ನೋಡೂಣು," ಎಂದು ಕಂಪ್ಯೂಟರ್ ಚಾಲೂ ಮಾಡಿದೆ.

ಅವರು ಸ್ಟೂಲಿನ ಮೇಲೆ ಕೂತರು. ಬಲಗೈಯಲ್ಲಿ ಮೌಸ್ ಹಿಡಿದು, ಎಡಗೈ ಬೆರಳನ್ನು ಮಾನಿಟರಿನ ಅಂಚಿಗೆ ತಂದು, ಕೆಂಪು ಬೊಟ್ಟಿನ ಮೇಲೆ ಇಟ್ಟರು.

"ಇದು ಶೇಂಗಾ."

ಬೆರಳು ಒಂದು ಅಂಗುಲದಷ್ಟು ಕೆಳಗಿಳಿದು ಕಪ್ಪು ಬೊಟ್ಟಿಗೆ ಬಂತು. "ಇದು ಗುರೆಳ್ಳು." ಕಂದು ಬೊಟ್ಟು, "ಅಗಸಿ." ಹಸಿರು ಬೊಟ್ಟು, "ಕರಿಬೇವು. ಬೊಟ್ಟಿನ ಮಗ್ಗಲಕ ಏನೈತಿ ಅದನ್ನ ಒತ್ತೂದು. ಆಮ್ಯಾಲ ಈ ಕೆಳಗ ಮೂರು ಬೊಟ್ಟು ಒತ್ತೂದು. ಹಾಳಿ ಬರ್ತೈತಿ. ಏಳೆಂಟು ವರ್ಷ ಬಂತ್ರಿ. ಈಗ ಬರವಲ್ದು. ಕೆಂಪು ಒತ್ತಿದ್ರ ಬಿಳೀ ಖಾಲಿ ಬರ್ತೈತಿ. ಕಪ್ಪು ಒತ್ತಿದ್ರ ಏನೋ ಬರ್ತೈತಿ. ಹಾಳಿ ಮ್ಯಾಲಿಂದು ನೋಡಾಕ ಬ್ಯಾರೆ ಕಂಡಂಗ ಆತು ಖರೇ, ಆದ್ರ ನನ್ನ ಕಣ್ಣಿಗಿಂತ ಬೊಟ್ಟು ನಂಬಬೇಕಲ್ರಿ, ಅದನ್ನ ನಾನೇ ಹಚ್ಚೀನಲ್ಲ. ವೀರೇಶನ್ನ ಕರದ್ರ ಅವ ಬಂದು ಟಕ್ಕನ ತಗದು ಕೊಡ್ತಾನ. ಇಲ್ಲೇ ಐತಲ್ಲವ್ವ, ಸರೀ ನೋಡಬೇಕು ಅಂತಾನ. ಹಂಗಾದ್ರ ಕೆಟ್ಟಿದ್ದು ಏನು? ನಾನೇ."

ನಾನು ಪರದೆ ನೋಡಿದೆ. ಹೊಸ ಓಎಸ್ ತನ್ನ ಕಸದ ಬುಟ್ಟಿಯ ಚಿತ್ರವನ್ನು ಎಡಬದಿಯ ಸಾಲಿನ ತುದಿಗೆ ತಾನಾಗಿಯೇ ಇಟ್ಟುಕೊಂಡಿತ್ತು. ಹಳೆಯದರಲ್ಲಿ ಅದು ಕೆಳಗೆ ಬಲಮೂಲೆಯಲ್ಲಿತ್ತು. ಮೇಲೆ ಒಂದು ಬಂದು ಕೂತದ್ದರಿಂದ ನಾಲ್ಕೂ ಲೇಬಲ್ಲುಗಳು ಒಂದೊಂದು ಮನೆ ಕೆಳಗಿಳಿದಿದ್ದವು. ಅಷ್ಟೇ. ಅಕ್ಷರ ಬಲ್ಲ ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ನಾನು ಹತ್ತಿಕಡ್ಡಿ ಹಿಡಿದು ಜೋಪಾನ ಮಾಡಿದ ಬೊಟ್ಟುಗಳು ನಾಲ್ಕು ತಿಂಗಳು ಅವರಿಗೆ ಸುಳ್ಳು ಹೇಳಿದ್ದವು.

ಈಗ ಏನು ಮಾಡಬೇಕು? ಹೇಳಬೇಕೋ ಬೇಡವೋ? ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ, ಅದಿರಲಿ. ಮಗ ತಾಯಿಯಿಂದ ಮುಚ್ಚಿಟ್ಟದ್ದು ಹೊರಗೆ ಬರುತ್ತದೆ. ಬೊಟ್ಟು ನೋಡಿ ಒತ್ತುತ್ತಿದ್ದರು ಅನ್ನುವ, ಇವರು ಇಷ್ಟು ವರ್ಷ ಯಾರಿಗೂ ಹೇಳದ ಗುಟ್ಟೂ ಹೊರಗೆ ಬರುತ್ತದೆ. ಸುಮ್ಮನೆ ಸರಿ ಮಾಡಿಬಿಟ್ಟರೆ? ಎಲ್ಲ ಮೊದಲಿನ ಹಾಗೆ ನಡೆಯುತ್ತದಲ್ಲ? ಹೇಡಿಗೆ ಬರುವ ಯೋಚನೆಯೇ ಮೊದಲು ಬಂತು. "ಒಂದು ನಿಮಿಷ ಸರೀರಿ ಅಮ್ಮಾರ," ಅಂತ ಮೌಸ್ ತಗೊಂಡು, ಕಸದ ಬುಟ್ಟಿಯನ್ನು ಬಲಮೂಲೆಗೆ ಎಳೆದು ಹಾಕಿ, ನಾಲ್ಕನ್ನೂ ಒಂದೊಂದು ಮೇಲೆ ಏರಿಸಿದೆ. ಎರಡು ನಿಮಿಷದ ಕೆಲಸ.

"ಈಗ ಒತ್ರಿ."

ಅವರು ಕೆಂಪು ಬೊಟ್ಟಿನ ಪಕ್ಕ ಒತ್ತಿದರು. ಕೀಬೋರ್ಡಿನ ಮೂರು ಬೊಟ್ಟು ಒತ್ತಿದರು. ಪ್ರಿಂಟರ್ ಗರಗರ ಎಂದು ಹಾಳೆ ಹೊರಹಾಕಿತು. "ಏನೈತಿ ಓದ್ರಿ," ಎಂದರು. ಶೇಂಗಾ ಚಟ್ನಿಪುಡಿ ಎಂದು ಓದಿದೆ. ಕಪ್ಪು ಒತ್ತಿದರು. ಗುರೆಳ್ಳು ಎಂದು ಓದಿದೆ. ನಗುತ್ತಾರೆ ಅಂತ ಮುಖ ನೋಡಿದೆ.

ಅವರ ಮುಖ ಬಿಳಿಚಿಕೊಂಡಿತ್ತು.

"ಇವತ್ತು ಸರೀ ಬಂತು. ಮೊನ್ನಿ ಬಂದಿದ್ದಿಲ್ಲ," ಎಂದರು. "ಹಂಗಾದ್ರ ಬಂದು ಹೋಗಿ ಮಾಡಾಕ ಹತ್ತೇತಿ. ನಮ್ಮತ್ತೀಗೂ ಹಿಂಗ ಆಗಿತ್ರಿ. ಒಂದಿನ ಸರೀ ಇರ್ತಿದ್ರು, ಒಂದಿನ ಪಲ್ಯಕ್ಕ ಉಪ್ಪಿನ ಬದ್ಲಿ ಸಕ್ರಿ ಹಾಕ್ತಿದ್ರು. ಇನ್ನ ಡಾಕ್ಟರ್ ನೋಡಿ ಏನ್ ಮಾಡ್ತಾರ ಬಿಡ್ರಿ." ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅಯ್ಯೋ ಶಿವನೇ! ನಾನು ಮುಚ್ಚಿಡಲು ಮಾಡಿದ್ದೇ ಅವರ ರೋಗಕ್ಕೆ ಸಾಕ್ಷಿಯಾಗಿ ಕೂತಿತ್ತು. ಆ ಕ್ಷಣ ನನ್ನ ಗೊಂದಲ ಒಂದಿಷ್ಟು ಬಿಟ್ಟಿತು. ನೆಲದ ಮೇಲೆ ಅವರ ಎದುರಿಗೆ ಕೂತು ಹೇಳಿದೆ.

"ಅಮ್ಮಾರ, ನಿಮ್ ತಲಿಗೆ ಏನೂ ಆಗಿಲ್ರಿ. ಕೆಡಿಸಿದಾಂವ ನಾನು. ನೀವು ಮದುವಿಗೆ ಹೋದಾಗ ಈ ಪೆಟಿಗಿ ಬದ್ಲಿ ಮಾಡೀನಿ. ಗವಸಿನ ಒಳಗಿಂದು ಹೊಸಾದು. ನಿಮಗ ಗೊತ್ತಾಗಬಾರದು ಅಂತ ಹಳೇದರಂಗ ಕಾಣಿಸಿದೆ. ಇಲ್ಲಿ ಮ್ಯಾಲ ಒಂದು ಹೊಸಾದು ಬಂದು ಕೂತು, ನಿಮ್ಮವು ಎಲ್ಲಾ ಒಂದೊಂದು ಕೆಳಗ ಇಳದಿದ್ವು. ಬೊಟ್ಟು ಇದ್ದಲ್ಲೇ ಇದ್ವು. ಈಗ ನಾನೇ ಮ್ಯಾಲ ಏರಿಸಿದೆ, ಅದಕ್ಕ ಸರೀ ಬಂತು."

ಅವರಿಗೆ ಅರ್ಥವಾಗಲಿಲ್ಲ. ಗವಸು ಎತ್ತಿ ಕರಿ ಬಣ್ಣದ ಹೊಸ ಪೆಟ್ಟಿಗೆ ತೋರಿಸಿದೆ. ಹಳೆಯದು ಬೂದು ಬಣ್ಣದ್ದು. ಮುಟ್ಟಿ ನೋಡಿದರು. ಪರದೆಯ ಮೇಲೆ ಒಂದನ್ನು ಮೇಲಕ್ಕೂ ಕೆಳಕ್ಕೂ ಎಳೆದು ತೋರಿಸಿದೆ.

"ಇನ್ನೊಮ್ಮೆ ಹೇಳ್ರಿ," ಎಂದರು. ಹೇಳಿದೆ. "ಇನ್ನೊಮ್ಮೆ." ಮತ್ತೆ ಹೇಳಿದೆ. ಮೂರನೇ ಸಲಕ್ಕೆ ಅವರು ಎದ್ದು ನಿಂತರು.

"ವೀರೇಶಾ! ಸುಜಾತಾ! ಬರ್ರಿ ಇಲ್ಲೆ. ಇವರು ಏನ್ ಹೇಳ್ತಾರ ಕೇಳ್ರಿ. ಮಲ್ಲಣ್ಣ, ಇವರ ಮುಂದೂ ಹೇಳ್ರಿ. ಜೋರಾಗಿ ಹೇಳ್ರಿ, ಕಟ್ಟಿ ಮ್ಯಾಲೆ ಕುಂತಾರಲ್ಲ ಯಜಮಾನ್ರು, ಅವರಿಗೂ ಕೇಳಬೇಕು."

ಜೋರಾಗಿಯೇ ಹೇಳಿದೆ. ವೀರೇಶ ಕೇಳುತ್ತ ಕೇಳುತ್ತ ಮಾನಿಟರಿನ ಅಂಚಿನ ಬೊಟ್ಟುಗಳನ್ನು ನೋಡಿದ. ಮೊದಲ ಸಲ ನೋಡಿದ ಅಂತಲೇ ಹೇಳಬೇಕು. "ಅವ್ವಾ, ಹಿಂಗ ಮಾಡ್ತಿದ್ದೇನಬೇ? ನನಗ ಒಂದು ಮಾತು ಹೇಳಬಾರದಿತ್ತಾ?"

"ನೀ ಹೇಳಿದ್ದೇನು, ಪೆಟಿಗಿ ಬದ್ಲಿ ಮಾಡ್ಸೀನಿ ಅಂತ?" ಎಂದು ನೀಲಮ್ಮನವರು ಒದರಿದರು. "ನಾಕು ತಿಂಗಳಾತು. ನಾ ಹುಚ್ಚಿ ಆದ್ನಿ ಅಂತ ನಿಂತಲ್ಲೆ ಕುಂತಲ್ಲೆ ಅತ್ತೀನಿ. ಒಬ್ರರ ಕೇಳಿದ್ರೇನು?" ಆಮೇಲೆ ನನ್ನ ಕಡೆ ತಿರುಗಿದರು. "ನಿಮಗೂ ಅಷ್ಟ. ಇದರ ಮುಂದ ಕುಂದ್ರಾಕಿ ನಾನು. ಕೇಳಿದ್ದು ಯಾರನ್ನ? ಅವನ್ನ."

ಬೈಗುಳ ತಿಂದಷ್ಟೂ ನನಗೆ ಉಸಿರು ಹಗುರಾಗುತ್ತಿತ್ತು. ಸುಜಾತಾ ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಡಾಕ್ಟರ ಹತ್ತಿರ ಹೋಗುವುದು ಬೇಡ ಎಂದಾಯಿತು. ಕಂಪ್ಯೂಟರ್ ಇದ್ದಲ್ಲೇ ಇರಲಿ, ನಾನೇ ಅಲ್ಲಿ ಕೂತು ಶಾಲೆಯ ಕೆಲಸ ಮಾಡಿಕೊಳ್ಳುತ್ತೇನೆ ಎಂದು ಸುಜಾತಾ ಹೇಳಿದರು. ಚಿತ್ರಗಳು ಮತ್ತೆ ಜಾಗ ಬಿಟ್ಟು ಹೋಗದ ಹಾಗೆ ಬಿಗಿ ಮಾಡಿ ಕೊಟ್ಟೆ. ಸರಿ ಮಾಡಿದೆನೇ? ಮುಂದೆ ಅದು ತನ್ನಷ್ಟಕ್ಕೆ ಇನ್ನೇನೋ ಹೊಸದು ಹಾಕಿಕೊಂಡರೆ? ಹಾಕಿಕೊಳ್ಳದ ಹಾಗೆ ತಡೆದರೆ ವೈರಸ್ಸು ಬಂದರೆ? ಇಂಥದ್ದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಹೊಸದಾಗಿ ಬಂದವರು ಕೇಳಿದರೆ ಒಂದಷ್ಟು ಮಾತ್ರ ಹೇಳಬಲ್ಲೆ: ದುಡ್ಡು ಕೊಡುವವರನ್ನು ಕೇಳಿ, ಆದರೆ ಅದರ ಮುಂದೆ ಕೂರುವವರನ್ನು ಮೊದಲು ಕೇಳಿ. ಏನು ಹೇಗೆ ಒತ್ತುತ್ತಾರೆ ಅಂತ ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ಸ್ಕ್ರೂ ಬಿಚ್ಚಿ.

ಊಟ ಮಾಡಿಸಿಯೇ ಕಳಿಸಿದರು. ನೀಲಮ್ಮನವರೇ ಒಲೆ ಹಚ್ಚಿ ರೊಟ್ಟಿ ಬಡಿದರು. ಎಲ್ಲರೂ ನಗುತ್ತಿದ್ದರು, ಅವರೂ ನಕ್ಕರು. ನಾನು ಚಪ್ಪಲಿ ಮೆಟ್ಟಿ ಹೊರಟಾಗ ಒಬ್ಬರೇ ಬಾಗಿಲ ತನಕ ಬಂದರು.

"ಮಲ್ಲಣ್ಣ, ಒಂದು ಕೇಳ್ತೀನಿ. ಯಾರ ಮುಂದೂ ಅನಬ್ಯಾಡ್ರಿ."

"ಕೇಳ್ರಿ ಅಮ್ಮಾರ."

"ವೀರೇಶ ಹುಟ್ಟಿದ ವರ್ಷ ನಮ್ಮತ್ತಿ ಊರಿಗೆ ಹೋಗಿದ್ರು. ಅವರಿಗೆ ಕಣ್ಣು ಮಂಜು. ಅಷ್ಟ್ರಾಗ ನಾನು ಅಡಿಗಿಮನಿ ಡಬ್ಬಿ ಎಲ್ಲಾ ತೊಳದು, ಚಂದ ಕಾಣ್ಲಿ ಅಂತ ಅತ್ತಾಗಿಂದು ಇತ್ತಾಗ ಇಟ್ಟೆ. ಹೇಳಿದ್ರ ಬೈತಾರ ಅಂತ ಹೇಳಲಿಲ್ಲ." ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಪಲ್ಯಕ್ಕ ಸಕ್ರಿ ಹಾಕಾಕ ಹತ್ತಿದ್ದು ಅವರು ವಾಪಸ್ ಬಂದ ಮ್ಯಾಲೇ ನೋಡ್ರಿ. ಮುದುಕಿಗೆ ತಲಿ ಹೋತು ಅಂದ್ವಿ. ಸಾಯೂತನಾ ಮತ್ತ ಒಲಿ ಮುಂದ ಕುಂದ್ರಾಕ ಬಿಡಲಿಲ್ಲ ನಾವು."

"ಹಂಗ ಇರಾಕಿಲ್ರಿ ಅಮ್ಮಾರ," ಎಂದೆ.

"ನಿಮಗ ಖರೇ ಗೊತ್ತೈತೇನ್ರಿ?"

ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ.